ರೋಜಾದ ಪಂಕ್ತಿಯಲ್ಲಿ ನನ್ನ ಬಕೆಟ್ಟು

ವಿಮಾನದ ಕಿಟಕಿ

ಮುಂಬಯಿಯಿಂದ ಹಾರಿದ ವಿಮಾನದಲ್ಲಿ ನನಗೂ ಮುಮ್ತಾಜಳಿಗೂ ಸೇರಿ ಒಂದೇ ಕಿಟಕಿ ಸಿಕ್ಕಿತ್ತು. ಅದರಾಚೆ ಇದ್ದವನೂ ಒಬ್ಬನೇ ಸೂರ್ಯ. ಅವನು ಬೇಗ ಮುಳುಗಲಿ ಎಂದು ಅವಳು, ಇನ್ನೊಂದಿಷ್ಟು ಹೊತ್ತು ಇರಲಿ ಎಂದು ನಾನು, ಇಬ್ಬರೂ ಗಾಜಿಗೆ ಮೂಗು ಒತ್ತಿ ಕೂತಿದ್ದೆವು. ಅವಳದು ರಮಜಾನಿನ ರೋಜಾ. ಹೊತ್ತು ಮುಳುಗುವ ತನಕ ಗುಟುಕು ನೀರೂ ಇಲ್ಲ. ನಾನು ಕಾಗವಾಡದ ಜೈನರ ಮನೆಯ ಸೊಸೆ. ಹೊತ್ತು ಮುಳುಗಿದ ಮೇಲೆ ತುತ್ತು ಅನ್ನವೂ ಇಲ್ಲ. ಊಟದ ಗಾಡಿ ತಡವಾಗಿ ಬಂದರೆ ನಾನು ಉಪವಾಸ, ಬೇಗ ಬಂದರೆ ಅವಳು ವಾಸನೆ ಕುಡಿಯುತ್ತ ಕೂರಬೇಕು.

“ಸಫರದಾಗ ರೋಜಾ ಬಿಟ್ರೂ ನಡಿತೈತಿ ಅಂತ ನೀನ ಹೇಳಿದ್ಯಲ್ಲ ಬೇ,” ಎಂದೆ.

“ನಡಿತೈತಿ. ಆದ್ರ ನಿನ್ನ ಮುಂದ ಸೋತ್ರ ನಡಿಯೂದಿಲ್ಲ,” ಎಂದಳು.

ನಾವಿಬ್ಬರೂ ನಿಪ್ಪಾಣಿಯಲ್ಲಿ ಒಂದೇ ಓಣಿಯಲ್ಲಿ ಬೆಳೆದವರು. ನಮ್ಮಪ್ಪನ ತಂಬಾಕಿನ ವಖಾರಿಯ ಗೋಡೆಗೂ ಅವರ ಮನೆಯ ಗೋಡೆಗೂ ನಡುವೆ ಒಂದು ಬೆಕ್ಕು ಹಾಯುವಷ್ಟೇ ಜಾಗ. ಅಷ್ಟು ಹತ್ತಿರವಿದ್ದೂ ರಮಜಾನ್ ತಿಂಗಳಲ್ಲಿ ಮಾತ್ರ ಒಟ್ಟಿಗೆ ಕೂತು ಉಂಡ ನೆನಪಿಲ್ಲ. ನಾನು ಕೈ ತೊಳೆಯುವ ಹೊತ್ತಿಗೆ ಅವಳು ಕೈ ತೊಳೆದು ಕೂರುವಳು.

ಗಾಡಿ ಬಂದಾಗ ಸೂರ್ಯ ಅರ್ಧ ಮುಳುಗಿದ್ದ. ನಾನು ಗಬಗಬನೆ ಉಂಡೆ. ಆಮೇಲೆ ರೂಢಿಯಂತೆ ಆ ತಗಡಿನ ತಟ್ಟೆಗೆ ಒಂದಿಷ್ಟು ನೀರು ಸುರಿದು, ಬೆರಳಿನಿಂದ ತೊಳೆದು ಆ ನೀರನ್ನು ಕುಡಿದೆ. ನಮ್ಮ ಅಜ್ಜಿ ಕಲಿಸಿದ್ದು ಹಾಗೆ. ಬಿಟ್ಟ ಅಗುಳಿನಲ್ಲಿ ಜೀವಗಳು ಹುಟ್ಟುತ್ತವೆ, ಆ ಜೀವ ಸತ್ತರೆ ಪಾಪ ಬಿಟ್ಟವರ ತಲೆಗೆ. ಆಚೆ ಸಾಲಿನ ಸೂಟು ತೊಟ್ಟ ಯಜಮಾನರು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ಸ್ವಲ್ಪ ಹೊತ್ತಿಗೆ ತಮ್ಮ ತಟ್ಟೆಯಲ್ಲಿ ಉಳಿದಿದ್ದ ಅರ್ಧ ಬನ್ನನ್ನು ಮೆಲ್ಲಗೆ ಕೋಟಿನ ಜೇಬಿಗೆ ಇಳಿಸಿಕೊಂಡರು. ಮುಮ್ತಾಜ ಖರ್ಜೂರ ಬಾಯಿಗಿಟ್ಟುಕೊಂಡು ನಗಲೂ ಆಗದೆ ನುಂಗಲೂ ಆಗದೆ ಒದ್ದಾಡಿದಳು.

ಆದರೆ ನಾವು ಹೊರಟಿದ್ದು ನಗುವುದಕ್ಕಲ್ಲ. ಮಲೇಷ್ಯಾದಲ್ಲಿ ಅವಳ ಮಗಳು ಸಲ್ಮಾಳ ಜೊತೆ ಅತ್ತೆ ಮಾತು ಬಿಟ್ಟಿದ್ದರು. ಸಲ್ಮಾ ಫೋನಿನಲ್ಲಿ ಅತ್ತಳಂತೆ. ಮುಮ್ತಾಜಳಿಗೆ ನಿದ್ದೆ ಹತ್ತಲಿಲ್ಲ. ಒಬ್ಬಳೇ ಹೋಗಲು ಧೈರ್ಯ ಸಾಲದೆ, “ಪದ್ದಿ, ನೀ ಬರ್ತಿ ಅಷ್ಟ,” ಎಂದು ನನ್ನ ಹೆಸರಿಗೂ ಟಿಕೆಟು ತೆಗೆಸಿದಳು. ನನ್ನ ಯಜಮಾನರು ದ್ರಾಕ್ಷಿ ತೋಟದಿಂದ ತಲೆ ಎತ್ತಿ, “ಹೋಗಿ ಬಾ, ಮನಿ ಒಂದ ಸ್ವಲ್ಪ ಶಾಂತ ಇರ್ತದ,” ಎಂದರು.

ಮೊದಲ ದಿನ: ಸಲ್ಮಾಳ ಮನೆ

ಸಲ್ಮಾ ಅಲ್ಲಿಯ ಕಾಲೇಜೊಂದರಲ್ಲಿ ಕಲಿಸುತ್ತಾಳೆ. ಜನ ಅನ್ನ ಯಾಕೆ ಚೆಲ್ಲುತ್ತಾರೆ ಎಂಬುದು ಅವಳ ಅಭ್ಯಾಸದ ವಿಷಯ. ಕೇಳಿ ನನಗೆ ನಗು ಬಂತು. ಇಷ್ಟು ದೂರ ಬಂದು ಕಲಿಯುವಂಥದ್ದೇ ಇದು? ಅಥಣಿಯ ಯಾವುದಾದರೂ ಮಂಗಲ ಕಾರ್ಯಾಲಯದ ಹಿಂದೆ ಮದುವೆಯ ದಿನ ಒಂದು ಗಂಟೆ ನಿಂತರೆ ಸಾಕಿತ್ತು. ಮೊದಲು ನೆಲದ ಮೇಲೆ ಪಂಕ್ತಿ ಹಾಕುತ್ತಿದ್ದೆವು. ಬಡಿಸುವವರಿಗೆ ಬೆನ್ನು ನೋವು, ಉಣ್ಣುವವರ ಎಲೆ ಸ್ವಚ್ಛ. ಈಗ ಟೇಬಲ್ಲಿನ ಮೇಲೆ ಹತ್ತು ನಮೂನೆ ಇಟ್ಟು ತಟ್ಟೆ ಕೈಗೆ ಕೊಡುತ್ತೇವೆ. ಜನ ಮೊದಲ ಸಲವೇ ಗುಡ್ಡ ಏರಿಸಿಕೊಂಡು, ಕಾಲು ಭಾಗ ತಿಂದು, ಉಳಿದದ್ದನ್ನು ಡಬ್ಬಿಗೆ ಸುರಿದು, ಕೈ ಒರೆಸಿಕೊಂಡು ಆಶೀರ್ವಾದ ಮಾಡಲು ಹೋಗುತ್ತಾರೆ. ಕಳೆದ ವರ್ಷ ನನ್ನ ಮೈದುನನ ಮಗನ ಮದುವೆಯಲ್ಲೂ ಹಾಗೇ ಆಯಿತು. ಅಹಿಂಸೆಯ ಮನೆತನದ ಡಬ್ಬಿಗಳು ತುಂಬಿ ತುಳುಕಿದವು. ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ಸಲ್ಮಾಳ ಕಥೆ ಹೀಗೆ. ಓಣಿಯ ಕೊನೆಗೆ ಒಂದು ಸಣ್ಣ ಪ್ರಾರ್ಥನಾ ಮಂದಿರವಿದೆ, ಸುರಾವ್ ಅನ್ನುತ್ತಾರೆ. ರಮಜಾನಿನಲ್ಲಿ ದಿನಾಲೂ ಅಲ್ಲಿ ಊರವರು ಕೂಡಿ ಇಫ್ತಾರ್ ಮಾಡುತ್ತಾರೆ. ಆ ಅಡುಗೆಮನೆಯ ಯಜಮಾನಿ ಸಲ್ಮಾಳ ಅತ್ತೆ ಮಾಕ್ ಜಾ. ಹೆಸರು ಖದೀಜಾ, ಹಿರಿಯ ಹೆಂಗಸರನ್ನು ಅಲ್ಲಿ ಹಾಗೆ ಪ್ರೀತಿಯಿಂದ ಮೊಟಕು ಮಾಡಿ ಕರೆಯುತ್ತಾರೆ. ನಮ್ಮ ಹುಡುಗಿ ಏನು ಮಾಡಿದಳು? ಇಮಾಮರನ್ನು ಕೇಳಿ, ಅತ್ತೆಗೆ ಹೇಳದೆ, ಎಂಜಲು ಸುರಿಯುವ ಡಬ್ಬಿಯ ಪಕ್ಕ ಒಂದು ತೂಕದ ಯಂತ್ರ ಇಟ್ಟಳು. ಮೂರನೆಯ ದಿನ ಎಲ್ಲರೆದುರು ಎದ್ದು ನಿಂತು ಇಷ್ಟು ಕಿಲೋ ಅನ್ನ ಚೆಲ್ಲಿದ್ದೀರಿ ಎಂದು ಓದಿ ಹೇಳಿದಳು.

“ಇಸ್ರಾಫ್ ಹರಾಮ್ ಐತಿ ಅಂತ ಕಿತಾಬಿನಾಗ ಐತಿ, ಮಾವಶಿ. ಪೋಲು ಮಾಡಬಾರ್ದು. ಈ ಭೂಮಿ ನಮ್ಮದಲ್ಲ, ಅಮಾನತ್ತು. ಇಟ್ಟುಕೊಳ್ಳಾಕ ಕೊಟ್ಟಾನ, ತಿರುಗಿ ಕೇಳ್ತಾನ. ನಾ ಏನ್ ಸುಳ್ಳ ಹೇಳಿನಿ?” ಎಂದಳು ಸಲ್ಮಾ.

“ಸುಳ್ಳ ಹೇಳಿಲ್ಲ. ಆದ್ರ ಆ ಅನ್ನ ಬೇಯಿಸಿದಾಕಿ ಅಲ್ಲೇ ಕುಂತಿದ್ಲಲ್ಲ ಬೇಟಾ,” ಎಂದಳು ಮುಮ್ತಾಜ.

ಅಂದಿನಿಂದ ಅತ್ತೆ ಮಾತು ನಿಲ್ಲಿಸಿದ್ದರು. ಹೇಳುವುದೆಲ್ಲ ಮಗ ಫರೀದನ ಮೂಲಕ. “ನಿನ್ನ ಹೆಂಡತಿಗೆ ಹೇಳು, ಛತ್ರಿ ತಗೊಂಡು ಹೋಗಲಿ.” ಹೆಂಡತಿ ಎರಡು ಅಡಿ ದೂರದಲ್ಲೇ ನಿಂತಿರುತ್ತಿದ್ದಳು. ಪಾಪ, ಆ ಫರೀದ್ ಒಳ್ಳೆಯ ಟಪಾಲಿನವನಾಗಿಬಿಟ್ಟಿದ್ದ. ಮಾತು ಬಿಟ್ಟ ಅತ್ತೆ ಛತ್ರಿಯ ಕಾಳಜಿ ಬಿಟ್ಟಿರಲಿಲ್ಲ ಎಂಬುದನ್ನು ನಾನು ಗಮನಿಸಿದೆ. ಮುಮ್ತಾಜಳಿಗೆ ಹೇಳಿದೆ. ಅವಳಿಗೆ ಅದರಿಂದ ಸಮಾಧಾನವಾಗಲಿಲ್ಲ. “ಇಷ್ಟ ದೂರ ಕೊಟ್ಟೀನಿ ಮಗಳನ್ನ. ಅತ್ತಿ ಬಿಟ್ರ ಅಕಿಗೆ ಇಲ್ಲಿ ತಾಯಿ ಯಾರ್ ಅದಾರ ಹೇಳು,” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆ ಸಂಜೆ ನಾನೊಂದು ಎಡವಟ್ಟು ಮಾಡಿಕೊಂಡೆ. ಊರಿನ ಲೆಕ್ಕ ತಲೆಯಲ್ಲಿಟ್ಟುಕೊಂಡು ಆರೂವರೆಗೆ ಅವಸರವಾಗಿ ತಟ್ಟೆ ಬಡಿಸಿಕೊಂಡು ಉಂಡು ಮುಗಿಸಿ, ಬಾಯಿ ಮುಕ್ಕಳಿಸಿ ಹೊರಗೆ ಬಂದರೆ ಬಿಸಿಲು ಹಾಗೇ ನಿಂತಿದೆ. ಅಲ್ಲಿ ಸೂರ್ಯ ಏಳೂವರೆಯ ತನಕ ಮುಳುಗುವುದಿಲ್ಲವಂತೆ. ಉಪವಾಸವಿದ್ದ ಮನೆಮಂದಿಯ ಮುಂದೆ ಒಂದು ಗಂಟೆ ತೇಗುತ್ತ ಕೂತಿದ್ದೆ.

ಎರಡನೆಯ ದಿನ: ಸುರಾವಿನ ಅಡುಗೆಮನೆ

ಸುರಾವಿನ ಅಂಗಳದಲ್ಲಿ ಕೈಕಾಲು ತೊಳೆಯುವ ನಲ್ಲಿಗಳಿಂದ ನೀರು ನೂಲಿನಷ್ಟು ಸಣ್ಣಗೆ ಬರುತ್ತಿತ್ತು. ಕೆಟ್ಟಿದೆ ಅಂದುಕೊಂಡೆ. ಅಲ್ಲವಂತೆ, ಬೇಕೆಂದೇ ಬಿಗಿದದ್ದು. ಹರಿಯುವ ಹೊಳೆಯ ದಂಡೆಯಲ್ಲಿ ಕೂತು ವಜೂ ಮಾಡಿದರೂ ನೀರು ಪೋಲು ಮಾಡಬಾರದು ಎಂದು ತಮ್ಮಲ್ಲಿ ಹೇಳಿದೆ ಎಂದಳು ಸಲ್ಮಾ. ನಮ್ಮ ಕೃಷ್ಣಾ ದಂಡೆಯ ಕಬ್ಬಿನವರಿಗೆ ಇದನ್ನು ಯಾರಾದರೂ ಹೇಳಬೇಕು. ಮೋಟಾರು ಚಾಲೂ ಮಾಡಿ ಚಹಾ ಕುಡಿಯಲು ಹೋಗುವ ನನ್ನ ಯಜಮಾನರಿಗೆ ಮೊದಲು.

ಮಾಕ್ ಜಾ ಗಿಡ್ಡಗೆ ದುಂಡಗೆ ಇದ್ದರು. ನನ್ನ ನಿಯಮ ಕೇಳಿ ತಿಳಿದುಕೊಂಡಿದ್ದರು. ಅಲ್ಲಿ ಸೊಪ್ಪಿನ ಪಲ್ಯಕ್ಕೂ ಒಣಮೀನು ಬೀಳುತ್ತದೆ. ಆದರೆ ನನಗೆಂದು ಬೇರೆ ಒಲೆ, ಬೇರೆ ಸೌಟು ಇಟ್ಟು ತೆಂಗಿನ ಹಾಲಿನಲ್ಲಿ ತರಕಾರಿ ಬೇಯಿಸಿದ್ದರು. ತಾವು ನಸುಕಿನಿಂದ ಹನಿ ನೀರು ಮುಟ್ಟದವರು, ಸಂಜೆ ಆರೂವರೆಗೆ ನನ್ನನ್ನು ಚಾಪೆಯ ಮೇಲೆ ಕೂರಿಸಿ ಬಡಿಸಿದರು. ಸುತ್ತ ಹನ್ನೆರಡು ಹಸಿದ ಹೆಂಗಸರು. ನಾನೊಬ್ಬಳೇ ಉಣ್ಣುವುದು. ಅಂಥ ಸಂಕೋಚ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮುಂದೆ ನಡೆದದ್ದು ಕುಸ್ತಿ. ತಟ್ಟೆಯಲ್ಲಿ ಅಗುಳು ಬಿಡಬಾರದು ಎಂದು ನನ್ನ ಧರ್ಮ. ಅತಿಥಿಯ ತಟ್ಟೆ ಬರಿದಾಗಿರಬಾರದು ಎಂದು ಅವರದು. ನಾನು ಮುಗಿಸಿದ ಕೂಡಲೇ ಅವರು ಹಾಕುವರು. ಹಾಕಿದ್ದನ್ನು ನಾನು ಮುಗಿಸಲೇಬೇಕು. ಮುಗಿಸಿದರೆ ಮತ್ತೆ ಹಾಕುವರು. ನಾಲ್ಕನೆಯ ಸಲಕ್ಕೆ ನನ್ನ ಕುಪ್ಪಸದ ಗುಂಡಿ ಬೇಡಿಕೊಳ್ಳತೊಡಗಿತು. ಕೊನೆಗೆ ಉಪಾಯ ಕಾಣದೆ ತಟ್ಟೆಗೆ ನೀರು ಸುರಿದು ತೊಳೆದು ಕುಡಿದುಬಿಟ್ಟೆ.

ಮಾಕ್ ಜಾ ಬಂದು ತಟ್ಟೆ ಎತ್ತಿ ನೋಡಿದರು. ಏನೋ ಕೇಳಿದರು. ಸ್ವಲ್ಪ ಇಂಗ್ಲಿಷು ಬಲ್ಲ ನೆರೆಯಾಕೆಯೊಬ್ಬಳು ಹರಕುಮುರುಕಾಗಿ ತಿಳಿಸಿದಳು. ಅವರ ತಾಯಿಯೂ ತಟ್ಟೆಯನ್ನು ಬೆರಳಿನಿಂದ ಸವರಿ ನೆಕ್ಕುತ್ತಿದ್ದರಂತೆ. ಬರಕತ್ತು, ಅಂದರೆ ದೇವರ ಕೃಪೆ, ಯಾವ ಅಗುಳಿನಲ್ಲಿದೆಯೋ ಯಾರಿಗೆ ಗೊತ್ತು, ಬಿಟ್ಟ ಅಗುಳಿನಲ್ಲೇ ಇದ್ದರೆ ಏನು ಮಾಡುತ್ತೀ ಎಂದು ಹೇಳುತ್ತಿದ್ದರಂತೆ. ಅದನ್ನು ಹೇಳುವಾಗ ಮಾಕ್ ಜಾ ಒಮ್ಮೆ ಹಿಂಬಾಗಿಲಿನ ಕಡೆ ನೋಡಿದರು. ಅಲ್ಲಿ ತೂಕದ ಯಂತ್ರವಿತ್ತು. ಅನ್ನ ಚೆಲ್ಲಿದರೆ ಸೊಸೆಗಿಂತ ಈ ಹೆಂಗಸಿಗೇ ಹೆಚ್ಚು ನೋವಾಗುತ್ತದೆ ಎಂದು ನನಗೆ ಆಗಲೇ ಅನಿಸಿತು. ನೋವಿನ ಜಾಗದ ಮೇಲೆ ಯಾರಾದರೂ ತಕ್ಕಡಿ ಇಟ್ಟರೆ ಸಿಟ್ಟು ಬರುವುದು ಸಹಜ.

ಚೆಲ್ಲುವುದು ಯಾಕೆ ಎಂಬುದು ಅರ್ಧ ಗಂಟೆಯಲ್ಲಿ ಕಂಡಿತು. ಅಲ್ಲಿ ನಾಲ್ಕು ಜನಕ್ಕೆ ಒಂದು ದೊಡ್ಡ ಹರಿವಾಣ. ನಮಾಜಿಗೆ ಕರೆಯುವ ಬಾಂಗ್ ಆಗುವ ಮೊದಲೇ ಎಲ್ಲ ಹರಿವಾಣಕ್ಕೂ ಅನ್ನದ ಗುಡ್ಡ ಏರಿಸಿ ಇಡುತ್ತಾರೆ, ಯಾಕೆಂದರೆ ಆಮೇಲೆ ಬಡಿಸಲು ಕೈ ಖಾಲಿ ಇರುವವರು ಯಾರೂ ಇಲ್ಲ, ಎಲ್ಲರೂ ಹಸಿದವರೇ. ಬಾಂಗ್ ಆಯಿತು. ಖರ್ಜೂರ ತಿಂದು, ಎರಡು ಲೋಟ ಶರಬತ್ತು ಕುಡಿದು, ನಾಲ್ಕು ತುತ್ತು ಉಂಡರು. ನಮಾಜಿಗೆ ಎದ್ದರು. ತಿರುಗಿ ಬರುವಷ್ಟರಲ್ಲಿ ಅನ್ನ ಆರಿತ್ತು, ಶರಬತ್ತು ಹೊಟ್ಟೆ ತುಂಬಿತ್ತು. ಹಸಿವೆಲ್ಲ ಕಣ್ಣಿನಲ್ಲೇ ಇತ್ತು. ಉಳಿದ ಗುಡ್ಡ ಡಬ್ಬಿಗೆ ಹೋಯಿತು. ಮಾಕ್ ಜಾ ಅತ್ತ ಬೆನ್ನು ಮಾಡಿ ಪಾತ್ರೆ ತಿಕ್ಕುತ್ತಿದ್ದರು.

“ಮುಮ್ತಾ, ಹರಿವಾಣಕ್ಕ ಅರ್ಧಾನ ಹಾಕ್ಲಿ. ಉಳದದ್ದ ಬಿಸಿ ಬಿಸಿ ನಾ ಪಂಕ್ತ್ಯಾಗ ತಿರಗಿ ನೀಡ್ತೀನಿ,” ಎಂದೆ.

“ನೀ ಯಾಕ?”

“ಹೊತ್ತ ಮುಳಗಿದ ಮ್ಯಾಲ ಇಡೀ ಊರಾಗ ಊಟದ ಕೆಲಸ ಇಲ್ಲದಾಕಿ ನಾ ಒಬ್ಬಾಕಿನ ಅಲ್ಲೇನ?”

ಮುಮ್ತಾಜ ನನ್ನನ್ನೇ ನೋಡಿದಳು. ಐವತ್ತು ವರ್ಷದಲ್ಲಿ ಮೊದಲ ಸಲ ನನ್ನ ನಿಯಮ ಅವಳಿಗೆ ಉಪಯೋಗಕ್ಕೆ ಬಂದಿತ್ತು.

ಮೂರನೆಯ ದಿನ: ನನ್ನ ಪರಾಕ್ರಮ

ಫರೀದನ ಟಪಾಲಿನಲ್ಲಿ ನನ್ನ ಮಾತು ಮುಟ್ಟಿದ ಮೇಲೆ ಮಾಕ್ ಜಾ ಮುಖ ಗಂಟು ಹಾಕಿಕೊಂಡೇ ಒಪ್ಪಿದರು. ಹಸಿದವರ ಮುಂದೆ ಅರ್ಧ ಹರಿವಾಣ ಇಡುವುದು ಅವರಿಗೆ ಮರ್ಯಾದೆಯ ಪ್ರಶ್ನೆ. ಅತಿಥಿಯ ಮಾತು ತೆಗೆದುಹಾಕಲಾಗದೆ ಹೂಂ ಅಂದರು.

ನಮಾಜು ಮುಗಿದು ಹೆಂಗಸರು ಮತ್ತೆ ಕೂತರು. ಸಲ್ಮಾ ಹಿಂದುಗಡೆ ಲೋಟ ತೊಳೆಯುತ್ತಿದ್ದಳು. ನಾನು ಸೀರೆ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಬಿಸಿ ಅನ್ನದ ಬಕೆಟ್ಟು, ಒಂದು ಕೈಯಲ್ಲಿ ಸೌಟು ಹಿಡಿದು ಇಳಿದೆ. ಬಡಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಭಾಷೆ ಬಾರದಿದ್ದರೇನು? “ಸಾವಕಾಶ ಆಗ್ಲಿ ಯವ್ವಾ! ಇನ್ನ ಚೂರ ಹಾಕಸ್ಕೊರಿ! ನಾಚಬ್ಯಾಡ್ರಿ!” ಎಂದು ಕನ್ನಡದಲ್ಲೇ ಶುರುಮಾಡಿದೆ. ಎಲ್ಲರೂ ನಗುತ್ತ ತಲೆ ಬಾಗಿಸಿ ಬಕೆಟ್ಟಿನ ಅಂಚನ್ನು ಬೆರಳ ತುದಿಯಿಂದ ಮುಟ್ಟಿದರು.

ನಮ್ಮ ಪಂಕ್ತಿಯಲ್ಲಿ ಬೇಡವಾದವರು ಎರಡೂ ಕೈಯನ್ನು ಎಲೆಯ ಮೇಲೆ ಅಡ್ಡ ಹಿಡಿಯುತ್ತಾರೆ. ಹಿಡಿದರೂ ನಾವು ಬೆರಳ ಸಂದಿಯಲ್ಲಿ ಹಾಕುತ್ತೇವೆ ಎಂಬುದು ಬೇರೆ ಮಾತು. ಇಲ್ಲಿ ಯಾರೂ ಕೈ ಅಡ್ಡ ಹಿಡಿಯಲಿಲ್ಲ. ಬಕೆಟ್ಟು ಮುಟ್ಟಿ ಮುಟ್ಟಿ ಕೇಳುತ್ತಿದ್ದಾರಲ್ಲ, ಎಷ್ಟು ಹಸಿದಿದ್ದಾವೋ ಜೀವಗಳು ಎಂದುಕೊಂಡೆ. ಸೌಟಿನ ಮೇಲೆ ಸೌಟು ಹಾಕಿದೆ. ಒಬ್ಬ ಅಜ್ಜಿ ಎರಡೆರಡು ಸಲ ಮುಟ್ಟಿದಳು. ಆಕೆಯ ಮುಂದೆ ಸಣ್ಣ ಮಂಗಸೂಳಿ ಗುಡ್ಡವನ್ನೇ ನಿಲ್ಲಿಸಿದೆ. ಬಕೆಟ್ಟು ಮೂರು ಸಲ ತುಂಬಿ ಮೂರು ಸಲ ಖಾಲಿಯಾಯಿತು. ಬೆವರು ಒರೆಸಿಕೊಂಡು ಮುಮ್ತಾಜಳ ಕಡೆ ಗೆದ್ದ ನಗೆ ಬೀರಿದೆ.

ಎಲ್ಲ ಮುಗಿದ ಮೇಲೆ ಸಲ್ಮಾ ಡಬ್ಬಿ ತೂಗಿದಳು. ಇನ್ನೊಮ್ಮೆ ತೂಗಿದಳು. “ಮಾವಶಿ,” ಎಂದಳು ಸಣ್ಣ ದನಿಯಲ್ಲಿ, “ಇಷ್ಟ ಯಾವತ್ತೂ ಆಗಿರ್ಲಿಲ್ಲ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಗುಳು ಬಿಡದ ಮನೆತನದವಳು ಪರದೇಶಕ್ಕೆ ಬಂದು ಡಬ್ಬಿ ತುಂಬಿಸಿದ್ದೆ. ಗೆಳತಿಯ ಮಗಳ ಸಂಸಾರ ಹೊಲಿಯಲು ಬಂದು ಇನ್ನಷ್ಟು ಹರಿದಿದ್ದೆ. ಮಾಕ್ ಜಾ ಕಡೆ ನೋಡುವ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಧೊಪ್ಪನೆ ಸದ್ದು. ಮಾಕ್ ಜಾ ನೆಲದ ಮೇಲೆ ಕೂತುಬಿಟ್ಟಿದ್ದರು. ಅಳುತ್ತಿದ್ದಾರೆ ಎಂದು ಓಡಿದೆ. ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ. ನನ್ನನ್ನು ತೋರಿಸಿ ಏನೋ ಹೇಳಲು ಹೋದರು, ನನಗೆ ತಿಳಿಯಲಿಲ್ಲ. ಕೈಸನ್ನೆ ಮಾಡಿದರು, ಆಗಲೂ ತಿಳಿಯಲಿಲ್ಲ. ಇಂಗ್ಲಿಷಿನ ನೆರೆಯಾಕೆ ಮನೆಗೆ ಹೋಗಿಯಾಗಿತ್ತು, ಟಪಾಲಿನ ಫರೀದ್ ಗಂಡಸರ ಕಡೆ ಇದ್ದ. ಮಾತು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಒದ್ದಾಡಿ, ಕೊನೆಗೆ ತಡೆಯಲಾರದೆ ಆಕೆ ತಿರುಗಿ, “ಸಲ್ಮಾ!” ಎಂದು ಕರೆದರು. ಎರಡು ವಾರದಲ್ಲಿ ಮೊದಲ ಸಲ.

ಮುಮ್ತಾಜ ನನ್ನ ತೋಳು ಚಿವುಟಿದ ಗುರುತು ಇನ್ನೂ ಇದೆ.

ಸಲ್ಮಾ ಒದ್ದೆ ಕೈಯಲ್ಲೇ ಬಂದು ನಡುವೆ ಕೂತಳು. ಅತ್ತೆ ಹೇಳಿದರು, ಸೊಸೆ ಕನ್ನಡ ಮಾಡಿದಳು. “ಇಲ್ಲಿ ಊಟ ಯಾರರೆ ಮುಂದ ತಂದ್ರ ಬ್ಯಾಡ ಅನಬಾರ್ದು ಮಾವಶಿ. ಅನ್ನಕ್ಕ ಅವಮಾನ ಮಾಡಿಧಂಗ. ಹೊಟ್ಟಿ ತುಂಬಿದ್ರ ಬೆರಳಲೆ ಮುಟ್ಟತಾರ. ಮುಟ್ಟದ ಎದ್ದ ಹೋದ್ರ ದಾರ್‍ಯಾಗ ಏನರೆ ಕೆಟ್ಟದ್ದ ಆಗತೈತಿ ಅಂತ ಹಳೇ ಮಂದಿ ನಂಬ್ಯಾರ. ನಿಮ್ಮ ಬಕೀಟ ಮುಟ್ಟಿದವ್ರೆಲ್ಲಾ ಸಾಕು ಅಂದವ್ರು.”

“ಆ ಮುದುಕಿ ಎರಡ ಸಲ ಮುಟ್ಟಿದ್ಲಲ್ಲ!”

“ಎರಡ ಸಲ ಸಾಕು ಅಂದಾರ.”

ಆಗ ನಾನೂ ನಕ್ಕೆ. ನಮ್ಮ ಕಡೆ ಅನ್ನಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದಿಲ್ಲವೇ, ಅದರ ಅಕ್ಕತಂಗಿ ಈ ರೂಢಿ. ನಕ್ಕು ನಕ್ಕು ಸುಸ್ತಾದ ಮೇಲೆ ಮಾಕ್ ಜಾ ಕಣ್ಣು ಒರೆಸಿಕೊಂಡರು. ಆಮೇಲೆ ಸೊಸೆಗೆ ಒಂದು ಮಾತು ಹೇಳಿದರು. ಸಲ್ಮಾ ಅದನ್ನು ನಮಗೆ ಕನ್ನಡ ಮಾಡಲಿಲ್ಲ, ತಲೆ ತಗ್ಗಿಸಿದಳು. ಮನೆಗೆ ನಡೆಯುವಾಗ ತಾಯಿ ಬಿಡದೆ ಕೇಳಿದ್ದಕ್ಕೆ ಹೇಳಿದಳು: “ಅಳತಿ ಮಾಡೂದು ತಪ್ಪಲ್ಲ, ಮೊದಲ ನನ್ನ ಕಿವ್ಯಾಗ ಹೇಳಬೇಕಿತ್ತು ಅಂದ್ರು ಅತ್ತಿ. ಖರೇನ ಐತಿ.”

ಮರುದಿನ ಬೆಳಿಗ್ಗೆ ಆ ಓಣಿಯ ಕೋಳಿಗಳು ಡಬ್ಬಿಯ ಅನ್ನ ತಿಂದು ನಡೆಯಲಾರದೆ ನೆರಳಲ್ಲಿ ಕೂತಿದ್ದವು.

ಐದನೆಯ ದಿನ: ಒಂದೇ ಹರಿವಾಣ

ಹೊರಡುವ ಮುನ್ನಾ ದಿನ. ಈಗ ನನಗೆ ಬೆರಳಿನ ಭಾಷೆ ಬಂದಿತ್ತು. ಅಂಚು ಮುಟ್ಟಿದವರನ್ನು ಬಿಟ್ಟು, ಮುಟ್ಟದೆ ಸುಮ್ಮನೆ ನೋಡುವವರಿಗೆ ಅರ್ಧ ಸೌಟು. ಸಂಕೋಚದವರಿಗೆ ಒತ್ತಾಯ ಮಾಡಿ ಇನ್ನೊಂದು ತುತ್ತು. ಅಜ್ಜಿ ನನ್ನನ್ನು ಕಂಡ ಕೂಡಲೇ ಹರಿವಾಣವನ್ನೇ ಬೆನ್ನ ಹಿಂದೆ ಸರಿಸಿದಳು. ಇಡೀ ಪಂಕ್ತಿ ನಕ್ಕಿತು.

ಮಾಕ್ ಜಾ ಅಷ್ಟು ವರ್ಷ ಎಲ್ಲರದೂ ಆದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಒಬ್ಬರೇ ನಿಂತು ಉಣ್ಣುತ್ತಿದ್ದರಂತೆ. ಅಂದು ಅವರಿಗೆ ಕೆಲಸವಿರಲಿಲ್ಲ. ಸೌಟು ನನ್ನ ಕೈಯಲ್ಲಿತ್ತು. ಬಾಗಿಲಲ್ಲಿ ನಿಂತು ಪಂಕ್ತಿಯನ್ನು ನೋಡಿದರು. ನಾಲ್ಕಾರು ಕಡೆಯಿಂದ ಹೆಂಗಸರು ಬನ್ನಿ ಬನ್ನಿ ಎಂದು ಸರಿದು ಜಾಗ ಮಾಡಿದರು. ಅವರು ಎಲ್ಲರನ್ನೂ ದಾಟಿ ಬಂದು ಸಲ್ಮಾ ಮತ್ತು ಮುಮ್ತಾಜ ಕೂತ ಹರಿವಾಣದ ಮುಂದೆ ಕೂತರು. ಮೀನಿನ ಒಳ್ಳೆಯ ತುಂಡನ್ನು ಬೆರಳಿನಿಂದ ಬಿಡಿಸಿ, ಮುಳ್ಳು ತೆಗೆದು, ಸೊಸೆಯ ಕಡೆಗೆ ತಳ್ಳಿದರು.

ಸಲ್ಮಾಳಿಗೆ ಉಣ್ಣಲಾಗಲಿಲ್ಲ. ಎರಡು ತುತ್ತು ತಿಂದು, ಮೂರನೆಯದನ್ನು ಕಲಸಿ, ಬಾಯಿಗಿಟ್ಟುಕೊಳ್ಳಲಾರದೆ ಕೈ ನಿಲ್ಲಿಸಿದಳು. ಅವಳ ಬದಿಯಲ್ಲಿ ಒಂದು ಹಿಡಿ ಅನ್ನ, ಬೆರಳಾಡಿಸಿದ್ದು, ಹಾಗೇ ಉಳಿಯಿತು. ಊರಿಗೆಲ್ಲ ಅನ್ನ ಬಿಡಬೇಡಿ ಎಂದು ಹೇಳಿದವಳು ತಾನೇ ಬಿಡಬೇಕಾಗಿ ಬಂದು ತಬ್ಬಿಬ್ಬಾಗಿ ತಾಯಿಯ ಮುಖ ನೋಡಿದಳು. ಮುಮ್ತಾಜ ಕೈ ಚಾಚಿದಳು, ಮಗಳ ಎಂಜಲು ತಾಯಿಗಲ್ಲದೆ ಇನ್ನಾರಿಗೆ.

ಅದಕ್ಕೂ ಮೊದಲೇ ಇನ್ನೊಂದು ಕೈ ಬಂದಿತ್ತು. ಮಾಕ್ ಜಾ ಆ ಕಲಸಿದ ಹಿಡಿಯನ್ನು ಸಲ್ಮಾಳ ಬದಿಯಿಂದ ತಮ್ಮ ಬದಿಗೆ ಎಳೆದುಕೊಂಡರು. ಯಾರ ಮುಖವನ್ನೂ ನೋಡಲಿಲ್ಲ. ದಿನಾ ಮಾಡುವ ಕೆಲಸವೆಂಬಂತೆ ಒಂದೊಂದೇ ತುತ್ತು ಉಂಡು, ಆ ಜಾಗವನ್ನು ಬೆರಳಿನಿಂದ ಸವರಿ ಬಾಯಿಗಿಟ್ಟುಕೊಂಡರು.

ಮುಮ್ತಾಜ ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.